ಸೊಂಟ ನೋವಿನ ಎರಡು ಬಾಣಗಳು

ತುಂಬಿದ ಕೊಡ ಎತ್ತುವಾಗ, ನೆಲಕ್ಕೆ ಬಿದ್ದ ಪೆನ್ನು ಹೆಕ್ಕಲು ಬಗ್ಗುವಾಗ, ಕೆಲವೊಮ್ಮೆ ಬರೀ ಒಂದು ಸೀನು ಸೀನಿದಾಗಲೂ ಸೊಂಟ 'ಹಿಡಿದುಕೊಳ್ಳುತ್ತದೆ'. ಹಿಡಿದದ್ದು ಯಾರು, ಏಕೆ ಎಂಬ ಪ್ರಶ್ನೆಗೆ ಒಂದೊಂದು ನಾಡು ಒಂದೊಂದು ಉತ್ತರ ಹುಡುಕಿಕೊಂಡಿದೆ. ಜರ್ಮನ್ ಭಾಷೆಯಲ್ಲಿ ಇಂಥ ದಿಢೀರ್ ನೋವಿಗೆ 'ಹೆಕ್ಸೆನ್‌ಶುಸ್' ಎಂಬ ಹೆಸರಿದೆ. ಮಾಟಗಾತಿಯ ಹೊಡೆತ ಎಂದು ಅದರ ಅರ್ಥ. ಕಣ್ಣಿಗೆ ಕಾಣದ ಮಾಟಗಾತಿಯೊಬ್ಬಳು ಬಾಣ ಬಿಟ್ಟಳು ಎಂಬ ಹಳೆಯ ನಂಬಿಕೆ ಆ ಹೆಸರಿನಲ್ಲಿ ಇಂದಿಗೂ ಉಳಿದಿದೆ. ನಮ್ಮ ಹಳ್ಳಿಗಳಲ್ಲಿ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ, ಅವರ ಕಾಲಿನಿಂದ ಸೊಂಟ ತುಳಿಸಿಕೊಳ್ಳುವ ರೂಢಿ ಇತ್ತು. ಆಯುರ್ವೇದದ ಪಂಡಿತರು ಕಾಲಿಗಿಳಿಯುವ ನೋವನ್ನು 'ಗೃಧ್ರಸಿ' ಎಂದು ಕರೆದರು.

ಹೀಗೆ ಹಿಡಿದುಕೊಂಡ ಸೊಂಟ ಬಹುತೇಕ ಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ. ತುಳಿದವರಿಗೂ ಎಣ್ಣೆ ತಿಕ್ಕಿದವರಿಗೂ ಮಾತ್ರೆ ಕೊಟ್ಟವರಿಗೂ ಕೀರ್ತಿ ಸಿಗುವುದು ಈ ಕಾರಣದಿಂದಲೇ. ಆದರೆ ಕೆಲವರಿಗೆ ಅದು ಬಿಡುವುದಿಲ್ಲ. 12 ವಾರ ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. 2020ರಲ್ಲಿ ಜಗತ್ತಿನಾದ್ಯಂತ 61 ಕೋಟಿ 90 ಲಕ್ಷ ಮಂದಿ ಸೊಂಟ ನೋವಿನಿಂದ ಬಳಲುತ್ತಿದ್ದರೆಂದೂ 2050ರ ವೇಳೆಗೆ ಈ ಸಂಖ್ಯೆ 84 ಕೋಟಿ ದಾಟಬಹುದೆಂದೂ 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಮನುಷ್ಯನನ್ನು ಕೊಲ್ಲದೆ ಕೆಲಸಕ್ಕೆ ಬಾರದಂತೆ ಮಾಡುವ ತೊಂದರೆಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಇಂಥ ಹಳೆಯ ಸೊಂಟ ನೋವಿಗೆ ಇಂದು ಹೇಳಲಾಗುತ್ತಿರುವ ಮದ್ದುಗಳಲ್ಲಿ ಒಂದು ಜೋಡಿ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಒಂದು, ದೇಹವನ್ನು ಆಡಿಸುವ ಫಿಸಿಯೋಥೆರಪಿ. ಇನ್ನೊಂದು, ಮನಸ್ಸನ್ನು ನಿಲ್ಲಿಸಿ ನೋಡುವ ಧ್ಯಾನ. ಒಂದು ಸ್ವೀಡನ್ನಿನ ವ್ಯಾಯಾಮ ಶಾಲೆಯಿಂದ ಬಂದದ್ದು, ಇನ್ನೊಂದು ಬೌದ್ಧ ವಿಹಾರಗಳಿಂದ. ಇವೆರಡೂ ಒಂದೇ ರೋಗಿಯ ಬಳಿ ಬಂದು ಸೇರಿದ ದಾರಿ ಬಹಳ ದೀರ್ಘವಾದದ್ದು. ಆ ದಾರಿಯಲ್ಲಿ ವೈದ್ಯಶಾಸ್ತ್ರ ಮಾಡಿದ ತಪ್ಪುಗಳೂ ಕಡಿಮೆಯಲ್ಲ.

ಅರ್ಧಕ್ಕೆ ನಿಂತ ವಾಕ್ಯ

ಸೊಂಟ ನೋವಿನ ಮೊದಲ ವೈದ್ಯಕೀಯ ದಾಖಲೆಗಳಲ್ಲಿ ಒಂದು ಈಜಿಪ್ಟಿನದು. ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ ವ್ಯಕ್ತಿ 1862ರಲ್ಲಿ ಲಕ್ಸರ್ ನಗರದಲ್ಲಿ ಕೊಂಡ ಪಪೈರಸ್ ಸುರುಳಿ ಅದು. ಕ್ರಿ.ಪೂ. 1600ರ ಸುಮಾರಿಗೆ ಬರೆದ ಆ ಸುರುಳಿಯಲ್ಲಿ 48 ರೋಗಿಗಳ ಪ್ರಕರಣಗಳಿವೆ. ಕೊನೆಯದು ಬೆನ್ನುಮೂಳೆ ಉಳುಕಿದವನದು. ಕಾಲು ಚಾಚಲು ಹೇಳಿದರೆ ರೋಗಿ ನೋವಿನಿಂದ ತಟ್ಟನೆ ಮಡಚಿಕೊಳ್ಳುತ್ತಾನೆ ಎಂದು ವೈದ್ಯ ಬರೆದಿದ್ದಾನೆ. ಅವನನ್ನು ಅಂಗಾತ ಮಲಗಿಸಬೇಕು ಎಂದೂ ಹೇಳಿದ್ದಾನೆ. ಆಮೇಲೆ ಏನು ಮಾಡಬೇಕು ಎಂದು ಹೇಳುವಷ್ಟರಲ್ಲಿ ಬರಹ ವಾಕ್ಯದ ನಡುವೆಯೇ ನಿಂತುಹೋಗಿದೆ.

ಸೋಜಿಗದ ಸಂಗತಿಯೆಂದರೆ, ಮೂರೂವರೆ ಸಾವಿರ ವರ್ಷಗಳ ನಂತರವೂ ವೈದ್ಯಶಾಸ್ತ್ರ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತ್ತು. ರೋಗಿಯನ್ನು ಮಲಗಿಸುವುದು ಗೊತ್ತಿತ್ತು. ಎಬ್ಬಿಸುವುದು ಹೇಗೆಂದು ಗೊತ್ತಿರಲಿಲ್ಲ.

ಮಲಗಿಸುವುದಕ್ಕೆ ಶಾಸ್ತ್ರದ ಮುದ್ರೆ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿಯ ಮಹತ್ವವನ್ನು ಸಾರುವ ಉಪನ್ಯಾಸಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಮೂಳೆ ಮತ್ತು ಕೀಲುಗಳ ರೋಗಕ್ಕೆ ದೀರ್ಘವಾದ, ಎಡೆಬಿಡದ ವಿಶ್ರಾಂತಿಯೇ ಮದ್ದು ಎಂದು ವಾದಿಸಿದರು. ಮುರಿದ ಮೂಳೆಗೂ ಕ್ಷಯ ತಗುಲಿದ ಕೀಲಿಗೂ ಈ ಮಾತು ಸರಿಯಾಗಿಯೇ ಇತ್ತು. ಮೂಳೆ ಮುರಿಯದ ಸೊಂಟಕ್ಕೂ ಅದನ್ನೇ ಅನ್ವಯಿಸಿದ್ದರಿಂದ ತೊಂದರೆ ಶುರುವಾಯಿತು.

ರೈಲು ತಂದ ವಾದ

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ರೈಲು ಹಳಿಗಳು ಹಬ್ಬುತ್ತಿದ್ದವು, ಅಪಘಾತಗಳೂ ಹೆಚ್ಚುತ್ತಿದ್ದವು. ಡಿಕ್ಕಿಯಾದ ರೈಲಿನಿಂದ ಮೈಮೇಲೆ ಗಾಯವಿಲ್ಲದೆ ಇಳಿದುಬಂದ ಪ್ರಯಾಣಿಕರು ಕೆಲವು ದಿನಗಳ ನಂತರ ಬೆನ್ನು ನೋವು, ನಿದ್ರೆಗೇಡು, ನಡುಕ ಎಂದು ವೈದ್ಯರ ಬಳಿಗೆ ಹೋಗತೊಡಗಿದರು. 1866ರಲ್ಲಿ ಜಾನ್ ಎರಿಕ್ ಎರಿಕ್ಸನ್ ಎಂಬ ಶಸ್ತ್ರವೈದ್ಯರು ಇದರ ಬಗ್ಗೆ ಪುಸ್ತಕ ಬರೆದರು. ಡಿಕ್ಕಿಯ ಏಟಿಗೆ ಬೆನ್ನುಹುರಿಗೇ ಪೆಟ್ಟಾಗಿದೆ ಎಂಬುದು ಅವರ ವಿವರಣೆ. ಈ ಕಾಯಿಲೆಗೆ ಜನರ ಬಾಯಲ್ಲಿ 'ರೈಲ್ವೆ ಬೆನ್ನು' ಎಂಬ ಹೆಸರೇ ಬಂದಿತು.

ಪರಿಹಾರ ಕೊಡಬೇಕಾದ ರೈಲ್ವೆ ಕಂಪನಿಗಳ ಪರ ನಿಂತವರು ಇದನ್ನು ಒಪ್ಪಲಿಲ್ಲ. ಮೂಳೆಯಲ್ಲಿ ಏನೂ ಕಾಣದಿದ್ದ ಮೇಲೆ ಇದೆಲ್ಲ ಮನಸ್ಸಿನ ಭ್ರಮೆ ಅಥವಾ ಹಣದಾಸೆಯ ನಾಟಕ ಎಂದರು. ನ್ಯಾಯಾಲಯಗಳಲ್ಲಿ ದಶಕಗಟ್ಟಲೆ ವಾದ ನಡೆಯಿತು. ನೋವು ದೇಹದ್ದೋ ಮನಸ್ಸಿನದೋ ಎಂಬ ಈ ಜಗಳದಲ್ಲಿ ಸೋತವನು ರೋಗಿ. ದೇಹದ್ದು ಎಂದರೆ ಮಲಗಬೇಕು, ಮನಸ್ಸಿನದು ಎಂದರೆ ಸುಳ್ಳುಗಾರ ಅನ್ನಿಸಿಕೊಳ್ಳಬೇಕು. 'ಎಕ್ಸ್‌ರೇಯಲ್ಲಿ ಏನೂ ಇಲ್ಲ' ಎಂಬ ಮಾತು ಕೇಳಿ ಪೆಚ್ಚುಮೋರೆ ಹಾಕಿಕೊಂಡು ಆಸ್ಪತ್ರೆಯಿಂದ ಮರಳುವ ರೋಗಿ ಇವತ್ತಿಗೂ ಅದೇ ಜಗಳದ ನಡುವೆ ಸಿಕ್ಕಿಕೊಂಡವನು.

ದೇಹದ ಪಕ್ಷಕ್ಕೆ ದೊಡ್ಡ ಗೆಲುವು ದೊರೆತದ್ದು 1934ರಲ್ಲಿ. ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯರಾದ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಅವರು ಬೆನ್ನುಮೂಳೆಯ ಬಿಲ್ಲೆಗಳ ನಡುವೆ ಇರುವ ಮೆತ್ತನೆಯ ಗಾದಿ, ಅಂದರೆ ಡಿಸ್ಕ್, ಹರಿದು ಹೊರಚಾಚಿ ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವು ಬರುತ್ತದೆಂದು ತೋರಿಸಿದರು. ಅದನ್ನು ಕತ್ತರಿಸಿ ತೆಗೆದರೆ ನೋವು ಇಳಿಯುತ್ತದೆಂದೂ ತೋರಿಸಿದರು. ಇದು ನಿಜವಾದ ಶೋಧ. ಅಂಥ ರೋಗಿಗಳಲ್ಲಿ ಆಯ್ದ ಕೆಲವರಿಗೆ ಶಸ್ತ್ರಚಿಕಿತ್ಸೆ ಇಂದಿಗೂ ವರವೇ. ಆದರೆ ಆ ಬಳಿಕ ಎಲ್ಲ ಸೊಂಟ ನೋವಿಗೂ ಡಿಸ್ಕೇ ಕಾರಣ ಎಂಬ ಭಾವನೆ ವೈದ್ಯರಲ್ಲೂ ಜನರಲ್ಲೂ ಬೇರೂರಿತು. 'ಡಿಸ್ಕ್ ಜಾರಿದೆ' ಎಂಬ ಮಾತು ಮನೆಮಾತಾಯಿತು. ಜಾರಿದ್ದು ಇನ್ನಷ್ಟು ಜಾರದಿರಲೆಂದು ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುವುದು, ಸೊಂಟಕ್ಕೆ ಬೆಲ್ಟ್ ಬಿಗಿಯುವುದು, ಕಾಲಿಗೆ ತೂಕ ಕಟ್ಟಿ ಎಳೆಯುವುದು ಸಾಮಾನ್ಯವಾಯಿತು.

ಎಬ್ಬಿಸಿ ನಡೆಸಿದವರು

ರೋಗಿಯನ್ನು ಆಡಿಸಿ ಗುಣಪಡಿಸುವ ಇನ್ನೊಂದು ಪರಂಪರೆ ಪಕ್ಕದಲ್ಲಿಯೇ ಬೆಳೆಯುತ್ತಿತ್ತು. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಕತ್ತಿವರಸೆಯ ಗುರು. ಅವರು 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವ್ಯಾಯಾಮ ವಿದ್ಯಾಲಯ ತೆರೆದು, ಸೈನಿಕರ ಕಸರತ್ತಿನ ಜೊತೆಗೆ ರೋಗಿಗಳ ಕಸರತ್ತನ್ನೂ ಒಂದು ಶಾಸ್ತ್ರವಾಗಿ ಕಲಿಸಿದರು. 1894ರಲ್ಲಿ ಲಂಡನ್ನಿನಲ್ಲಿ ಮಾಲೀಸಿನ ಹೆಸರಿನಲ್ಲಿ ಅನಾಚಾರ ನಡೆಯುತ್ತಿದೆಯೆಂದು ಗುಲ್ಲೆದ್ದಾಗ, ತಮ್ಮ ವೃತ್ತಿಯ ಮಾನ ಉಳಿಸಿಕೊಳ್ಳಲು ನಾಲ್ವರು ದಾದಿಯರು ಸೇರಿ ತರಬೇತಿ ಪಡೆದ ಅಂಗಮರ್ದಕಿಯರ ಸಂಘ ಕಟ್ಟಿದರು. ಇಂದಿನ ಬ್ರಿಟಿಷ್ ಫಿಸಿಯೋಥೆರಪಿ ಸಂಸ್ಥೆಯ ಮೂಲ ಅದೇ. ಎರಡು ಮಹಾಯುದ್ಧಗಳ ಗಾಯಾಳುಗಳು ಮತ್ತು ಪೋಲಿಯೋ ಪೀಡಿತ ಮಕ್ಕಳು ಈ ವೃತ್ತಿಯ ಅಗತ್ಯವನ್ನು ಜಗತ್ತಿಗೆ ಮನಗಾಣಿಸಿದರು. ಭಾರತದಲ್ಲಿಯೂ ಆದದ್ದು ಹಾಗೆಯೇ. ಮುಂಬಯಿಯಲ್ಲಿ ಪೋಲಿಯೋ ಹಾವಳಿಯ ನಂತರ, 1953ರಲ್ಲಿ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೋಥೆರಪಿ ಶಾಲೆ ಆರಂಭವಾಯಿತು.

ಸೊಂಟ ನೋವಿನ ಮಟ್ಟಿಗೆ ಈ ವೃತ್ತಿಯವರ ಕಣ್ಣು ತೆರೆಸಿದ್ದು ಒಂದು ಆಕಸ್ಮಿಕ. 1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ನಗರದಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟರು ಒಬ್ಬ ರೋಗಿಗೆ ಒಳಗೆ ಹೋಗಿ ಬೋರಲು ಮಲಗಿರಲು ಹೇಳಿದರು. ಹಿಂದಿನ ರೋಗಿಗಾಗಿ ಮಂಚದ ತಲೆಭಾಗವನ್ನು ಎತ್ತರಿಸಿಟ್ಟದ್ದು ಹಾಗೆಯೇ ಇತ್ತು. ಈತ ಅದರ ಮೇಲೆಯೇ ಬೋರಲಾದ. ಸೊಂಟ ಹಿಂದಕ್ಕೆ ಬಾಗಿತು. ಅಂದಿನ ತಿಳಿವಳಿಕೆಯ ಪ್ರಕಾರ ಹಾಗೆ ಬಾಗುವುದು ಅಪಾಯ. ಮೆಕೆಂಜಿ ಬಂದು ನೋಡಿ ಗಾಬರಿಯಾದರೆ, ರೋಗಿ ವಾರಗಳಿಂದ ಕಾಡುತ್ತಿದ್ದ ಕಾಲುನೋವು ಹೋಯಿತೆಂದು ಹೇಳಿದ. ನಮ್ಮ ಭುಜಂಗಾಸನವನ್ನು ಹೋಲುವ ಆ ಭಂಗಿಯಿಂದಲೇ ಮೆಕೆಂಜಿ ವಿಧಾನ ಎಂಬ ಚಿಕಿತ್ಸೆ ಬೆಳೆಯಿತು.

ಆದರೂ ವ್ಯಾಯಾಮ ಕಲಿಸುವವರು ಒಂದು ಒಗಟನ್ನು ದಿನವೂ ಎದುರಿಸುತ್ತಿದ್ದರು. ಒಂದೇ ಬಗೆಯ ನೋವು, ಒಂದೇ ಬಗೆಯ ಕಸರತ್ತು. ಒಬ್ಬ ಎರಡು ತಿಂಗಳಲ್ಲಿ ಹೊಲಕ್ಕೆ ಮರಳುತ್ತಾನೆ. ಇನ್ನೊಬ್ಬ ಎರಡು ವರ್ಷವಾದರೂ ಬಗ್ಗಲು ಹೆದರುತ್ತಾನೆ. ವ್ಯತ್ಯಾಸ ಎಲ್ಲಿದೆ?

ನೋವಿಗೊಂದು ಬಾಗಿಲು

ಉತ್ತರದ ಮೊದಲ ಸುಳಿವು ಯುದ್ಧಭೂಮಿಯಿಂದ ಬಂತು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕನ್ ವೈದ್ಯ ಹೆನ್ರಿ ಬೀಚರ್, ಭೀಕರವಾಗಿ ಗಾಯಗೊಂಡ ಸೈನಿಕರಲ್ಲಿ ಅನೇಕರು ನೋವಿನ ಮದ್ದನ್ನೇ ಕೇಳುವುದಿಲ್ಲ ಎಂಬುದನ್ನು ಕಂಡು ಬೆರಗಾದರು. ಬದುಕಿ ಮನೆಗೆ ಹೊರಟ ಸೈನಿಕನಿಗೆ ಗಾಯದ ಅರ್ಥವೇ ಬೇರೆಯಾಗಿತ್ತು. 1946ರಲ್ಲಿ ಅವರು ಇದನ್ನು ಪ್ರಕಟಿಸಿದರು. 1965ರಲ್ಲಿ ಕೆನಡಾದ ಮನಃಶಾಸ್ತ್ರಜ್ಞ ರೊನಾಲ್ಡ್ ಮೆಲ್ಝಾಕ್ ಮತ್ತು ಬ್ರಿಟನ್ನಿನ ಪ್ಯಾಟ್ರಿಕ್ ವಾಲ್ ಇದಕ್ಕೊಂದು ಸಿದ್ಧಾಂತ ಕೊಟ್ಟರು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲಿದೆ. ಮಿದುಳು ಮೇಲಿನಿಂದ ಆ ಬಾಗಿಲನ್ನು ಕಿರಿದಾಗಿಸಲೂಬಹುದು, ಅಗಲವಾಗಿಸಲೂಬಹುದು. ಭಯ, ಚಿಂತೆ, ಗಮನ ಇವೆಲ್ಲ ಆ ಬಾಗಿಲಿನ ಮೇಲೆ ಕೈಯಿಡುತ್ತವೆ ಎಂಬುದು ಅದರ ಸಾರ. ಸಿದ್ಧಾಂತದ ವಿವರಗಳನ್ನು ನಂತರದವರು ತಿದ್ದಿದ್ದಾರೆ. ನೋವು ಕೇವಲ ಕೆಳಗಿನಿಂದ ಮೇಲಕ್ಕೆ ಹೋಗುವ ಸುದ್ದಿಯಲ್ಲ ಎಂಬ ಮುಖ್ಯ ಮಾತು ಮಾತ್ರ ನಿಂತಿದೆ.

ಆಮೇಲೆ ಹಾಸಿಗೆಯ ಸರದಿ. 1986ರಲ್ಲಿ ಅಮೆರಿಕದಲ್ಲಿ 203 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಲಾಯಿತು. ಹೆಚ್ಚು ಮಲಗಿದವರಿಗೆ ಹೆಚ್ಚೇನೂ ಲಾಭವಾಗಲಿಲ್ಲ. ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದ್ದಷ್ಟೇ ವ್ಯತ್ಯಾಸ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ 186 ನೌಕರರ ಮೇಲೆ ನಡೆದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊಸದಾಗಿ ಸೊಂಟ ಹಿಡಿದವರಲ್ಲಿ, ಆದಷ್ಟೂ ಎಂದಿನಂತೆ ಓಡಾಡಿಕೊಂಡಿದ್ದವರೇ ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಮಲಗಿದವರು ಹಿಂದೆ ಬಿದ್ದರು.

ಡಿಸ್ಕಿನ ಏಕಚಕ್ರಾಧಿಪತ್ಯಕ್ಕೂ ಪೆಟ್ಟು ಬಿತ್ತು. 1994ರಲ್ಲಿ ಬೆನ್ನು ನೋವೇ ಇಲ್ಲದ 98 ಮಂದಿಯ ಎಂ.ಆರ್.ಐ. ಚಿತ್ರ ತೆಗೆದು ನೋಡಿದಾಗ, ಅರ್ಧಕ್ಕೂ ಹೆಚ್ಚು ಜನರಲ್ಲಿ ಒಂದಲ್ಲ ಒಂದು ಡಿಸ್ಕ್ ಉಬ್ಬಿಕೊಂಡಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇಕಡ 36 ಮಾತ್ರ. ವಯಸ್ಸಾದಂತೆ ತಲೆಗೂದಲು ನೆರೆಯುವ ಹಾಗೆ ಡಿಸ್ಕ್ ಸವೆಯುವುದೂ ಉಂಟು. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ.

ಸ್ಕಾಟ್ಲೆಂಡಿನ ಮೂಳೆತಜ್ಞ ಗಾರ್ಡನ್ ವಾಡೆಲ್ 1987ರಲ್ಲಿಯೇ ಈ ಎಳೆಗಳನ್ನು ಒಂದುಗೂಡಿಸಿದ್ದರು. ಹಳೆಯ ಸೊಂಟ ನೋವಿನಲ್ಲಿ ಮೂಳೆ, ಮನಸ್ಸು, ಮನೆ ಮತ್ತು ಉದ್ಯೋಗ ಎಲ್ಲವೂ ಹೆಣೆದುಕೊಂಡಿವೆ, ವಿಶ್ರಾಂತಿಯೇ ರೋಗವನ್ನು ಬೆಳೆಸುತ್ತಿದೆ ಎಂದು ಅವರು ವಾದಿಸಿದರು. ಬಗ್ಗಿದರೆ ಏನಾದರೂ ಮುರಿದೀತು ಎಂಬ ಭಯ ಬರುತ್ತದೆ. ಭಯದಿಂದ ಚಲನೆ ನಿಲ್ಲುತ್ತದೆ. ಚಲನೆ ನಿಂತರೆ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ನೋಯುತ್ತದೆ. ನೋವು ಭಯವನ್ನು ನಿಜವೆಂದು ತೋರಿಸುತ್ತದೆ. ಗಾಣದ ಎತ್ತಿನಂತೆ ರೋಗಿ ಅದೇ ಸುತ್ತಿನಲ್ಲಿ ತಿರುಗುತ್ತಾನೆ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1997ರಿಂದ 1999ರವರೆಗೆ, ಸೊಂಟ ನೋವೆಂದು ಮಲಗಬೇಡಿ ಎಂದು ಟಿ.ವಿ.ಯಲ್ಲಿ ಪ್ರಚಾರ ನಡೆಸಿದಾಗ ಜನರ ನಂಬಿಕೆಗಳು ಬದಲಾದವು, ಸೊಂಟ ನೋವಿನ ಪರಿಹಾರಕ್ಕಾಗಿ ಬರುವ ಅರ್ಜಿಗಳೂ ಇಳಿದವು.

ಭಯವೇ ಕೀಲಿ ಎಂಬುದು ಇಷ್ಟರಲ್ಲಿ ಗೊತ್ತಾಗಿತ್ತು. ಆದರೆ 'ಹೆದರಬೇಡಿ' ಎಂದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲವಲ್ಲ. ಆ ಭಯವನ್ನು ಹಿಡಿಯುವ ಉಪಾಯವೊಂದು ಬಹಳ ಹಿಂದೆಯೇ ಬೇರೊಂದು ಕಡೆ ರೂಪುಗೊಂಡಿತ್ತು.

ಬುದ್ಧ ಹೇಳಿದ ಎರಡನೆಯ ಬಾಣ

ಪಾಲಿ ಭಾಷೆಯ ಬೌದ್ಧ ಗ್ರಂಥಗಳಲ್ಲಿ ಬಾಣದ ಹೋಲಿಕೆಯೊಂದು ಬರುತ್ತದೆ. ದೇಹಕ್ಕೆ ನೋವಾದಾಗ ಸಾಮಾನ್ಯ ಮನುಷ್ಯ ಗೋಳಾಡುತ್ತಾನೆ, ಕಂಗೆಡುತ್ತಾನೆ. ಅವನ ಸ್ಥಿತಿ ಒಂದು ಬಾಣ ತಗುಲಿದವನಿಗೆ ಮತ್ತೊಂದು ಬಾಣವೂ ತಗುಲಿದ ಹಾಗೆ. ಅರಿತವನಿಗೆ ಮೊದಲ ಬಾಣ ಮಾತ್ರ ತಗುಲುತ್ತದೆ. ದೇಹದ ನೋವು ಅವನಿಗೂ ಇದೆ, ಅದರ ಮೇಲೆ ಮನಸ್ಸು ತಾನೇ ಚುಚ್ಚಿಕೊಳ್ಳುವ ಇನ್ನೊಂದು ನೋವು ಇಲ್ಲ. ಮಾಟಗಾತಿಯ ಬಾಣವನ್ನು ನಂಬಿದ ಜರ್ಮನ್ನರಿಗಿಂತ ಎಷ್ಟೋ ಶತಮಾನ ಹಿಂದೆಯೇ ಗಂಗೆಯ ಬಯಲಿನಲ್ಲಿ ಈ ವಿವೇಚನೆ ನಡೆದಿತ್ತು.

ಎರಡನೆಯ ಬಾಣವನ್ನು ತಪ್ಪಿಸುವ ಅಭ್ಯಾಸಕ್ಕೆ ಪಾಲಿಯಲ್ಲಿ 'ಸತಿ' ಎಂದು ಹೆಸರು. ಸಂಸ್ಕೃತದ 'ಸ್ಮೃತಿ'ಯ ರೂಪ ಅದು. ಈ ಗಳಿಗೆಯಲ್ಲಿ ಮೈಯಲ್ಲಿ, ಉಸಿರಿನಲ್ಲಿ, ಮನಸ್ಸಿನಲ್ಲಿ ಏನು ನಡೆಯುತ್ತಿದೆಯೋ ಅದನ್ನು ಒಳ್ಳೆಯದು ಕೆಟ್ಟದ್ದು ಎನ್ನದೆ ಎಚ್ಚರದಿಂದ ಗಮನಿಸುವುದು. ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್ 1881ರಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ 'ಮೈಂಡ್‌ಫುಲ್‌ನೆಸ್' ಎಂಬ ಪದ ಬಳಸಿದರು. ಆ ಪದವೇ ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ಓಡಾಡುತ್ತಿದೆ.

ವಿಹಾರದಿಂದ ಗೃಹಸ್ಥರ ಬಳಿಗೆ ಈ ಅಭ್ಯಾಸ ಬಂದದ್ದರಲ್ಲಿ ಬರ್ಮಾದ ಪಾತ್ರ ದೊಡ್ಡದು. ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದ ಯು ಬಾ ಖಿನ್, ಮೈಯ ಒಂದೊಂದು ಭಾಗದ ಸಂವೇದನೆಯನ್ನೂ ಸರದಿಯಾಗಿ ಗಮನಿಸುವ ವಿಪಶ್ಯನ ಧ್ಯಾನವನ್ನು ಕಲಿಸುತ್ತಿದ್ದರು. ಭಾರತೀಯ ಮೂಲದ ವ್ಯಾಪಾರಿ ಎಸ್.ಎನ್. ಗೋಯೆಂಕಾ ತೀವ್ರ ತಲೆನೋವಿನಿಂದ ಬೇಸತ್ತು 1955ರಲ್ಲಿ ಅವರ ಬಳಿಗೆ ಹೋದರು. ತಲೆನೋವು ಗುಣಮಾಡಿಕೊಳ್ಳಲು ಬಂದೆನೆಂದಾಗ ಗುರು ಮೊದಲು ಒಪ್ಪಲಿಲ್ಲ. ಮೈನೋವಿನ ಮದ್ದಾಗಿ ಬಳಸಿದರೆ ಧರ್ಮದ ಬೆಲೆ ಇಳಿಸಿದಂತೆ ಎಂಬುದು ಅವರ ನಿಲುವು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ವಿಪಶ್ಯನ ಶಿಬಿರಗಳನ್ನು ಆರಂಭಿಸಿದರು. ಮಹಾರಾಷ್ಟ್ರದ ಇಗತ್‌ಪುರಿ ಅದರ ಕೇಂದ್ರವಾಯಿತು.

ಗುರು ಬೇಡವೆಂದದ್ದನ್ನೇ ಇನ್ನೊಬ್ಬರು ಮಾಡಿದರು. ಜಾನ್ ಕಬಾಟ್ ಝಿನ್ ಅಮೆರಿಕದ ಎಂ.ಐ.ಟಿ.ಯಲ್ಲಿ ನೊಬೆಲ್ ವಿಜ್ಞಾನಿ ಸಾಲ್ವಡಾರ್ ಲೂರಿಯಾ ಅವರ ಕೈಕೆಳಗೆ ಅಣುಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಝೆನ್ ಧ್ಯಾನ, ವಿಪಶ್ಯನ, ಹಠಯೋಗ ಮೂರನ್ನೂ ಅಭ್ಯಾಸ ಮಾಡಿದ್ದರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಒಂದು ತರಗತಿ ತೆರೆದು, ನಿಮ್ಮಿಂದ ಗುಣವಾಗದ ರೋಗಿಗಳನ್ನು ನನ್ನ ಬಳಿ ಕಳಿಸಿ ಎಂದು ವೈದ್ಯರನ್ನು ಕೇಳಿಕೊಂಡರು. ಬಂದವರಲ್ಲಿ ವರ್ಷಗಟ್ಟಲೆ ಸೊಂಟ, ಕತ್ತು, ತಲೆ ನೋವಿನಿಂದ ನರಳುತ್ತಿದ್ದವರು ಬಹಳ. 1982ರಲ್ಲಿ ಅವರು ಪ್ರಕಟಿಸಿದ ಮೊದಲ ವರದಿಯಲ್ಲಿ 51 ರೋಗಿಗಳಿದ್ದರು. ಹತ್ತು ವಾರಗಳ ಅಭ್ಯಾಸದ ನಂತರ ಅವರಲ್ಲಿ ಶೇಕಡ 65ರಷ್ಟು ಮಂದಿಯ ನೋವಿನ ಅಳತೆ ಮೂರನೆಯ ಒಂದು ಭಾಗದಷ್ಟಾದರೂ ಇಳಿದಿತ್ತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲವಾದ್ದರಿಂದ ಅದು ಪುರಾವೆಯಾಗಲಿಲ್ಲ. ಆದರೆ ವೈದ್ಯಲೋಕ ಕಿವಿಗೊಡುವಂತಾಯಿತು.

ಎರಡೂ ಸೇರಿದಾಗ

ಎಂಟು ವಾರಗಳಿಗೆ ನೆಲೆನಿಂತ ಈ ತರಬೇತಿಯಲ್ಲಿ ಧರ್ಮದ ಮಾತಿಲ್ಲ. ವಾರಕ್ಕೊಂದು ತರಗತಿ, ದಿನವೂ ಮನೆಯಲ್ಲಿ ಅಭ್ಯಾಸ. ಮಲಗಿಕೊಂಡು ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗಕ್ಕೆ ಗಮನ ಹರಿಸುವ 'ಬಾಡಿ ಸ್ಕ್ಯಾನ್', ಉಸಿರಿನ ಮೇಲೆ ಕುಳಿತು ಮಾಡುವ ಧ್ಯಾನ, ಮೃದುವಾದ ಯೋಗಾಸನ ಇವು ಅದರ ಮುಖ್ಯ ಭಾಗಗಳು. ಅಮೆರಿಕಕ್ಕೆ ಯೋಗಾಸನ ತಲುಪಿದ ದಾರಿಗಳಲ್ಲಿ ಒಂದು ಮೈಸೂರಿನಿಂದ ಹೊರಟದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯ ಮತ್ತು ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪರಂಪರೆ ಅದು. ಅಯ್ಯಂಗಾರ್ ಪದ್ಧತಿಯ ಯೋಗವನ್ನು ಸೊಂಟ ನೋವಿನ ಮೇಲೆ ಪರೀಕ್ಷಿಸಿದ ಅಧ್ಯಯನಗಳು ಅಮೆರಿಕದಲ್ಲಿಯೇ ನಡೆದಿವೆ.

ಫಿಸಿಯೋಥೆರಪಿಯ ಜೊತೆ ಈ ಎಚ್ಚರದ ಅಭ್ಯಾಸ ಕೂಡಿಕೊಳ್ಳುವ ಬಗೆ ಸರಳ. ಸೊಂಟ ನೋವಿನವನಿಗೆ ಬಗ್ಗಿ ನೆಲ ಮುಟ್ಟಲು ಹೇಳಿದರೆ, ಬಗ್ಗುವ ಮೊದಲೇ ಉಸಿರು ಕಟ್ಟುತ್ತದೆ, ಹಲ್ಲು ಬಿಗಿಯುತ್ತದೆ, ಬೆನ್ನಿನ ಸ್ನಾಯು ಹಲಗೆಯಂತಾಗುತ್ತದೆ. ಬಿಗಿದ ಬೆನ್ನನ್ನು ಬಗ್ಗಿಸಿದರೆ ನೋವು ಹೆಚ್ಚೇ ಆಗುತ್ತದೆ. ಎಚ್ಚರದ ಅಭ್ಯಾಸವಿದ್ದವನು ಉಸಿರು ಕಟ್ಟಿದ್ದನ್ನು ಆ ಗಳಿಗೆಯಲ್ಲಿಯೇ ಗುರುತಿಸುತ್ತಾನೆ, ಬಿಡುತ್ತಾನೆ. 'ಸೊಂಟ ಮುರಿಯಿತು' ಎಂಬುದು ಮನಸ್ಸಿನ ಮಾತು, 'ಎಡಗಡೆ ಸೆಳೆಯುತ್ತಿದೆ' ಎಂಬುದು ಮೈಯ ಸುದ್ದಿ. ಎರಡನ್ನೂ ಬೇರೆ ಮಾಡಿ ನೋಡಲು ಕಲಿಯುತ್ತಾನೆ. ಆಗ ಫಿಸಿಯೋಥೆರಪಿಸ್ಟರು ಇವತ್ತು ಐದು ಸಲ, ಮುಂದಿನ ವಾರ ಎಂಟು ಸಲ ಎಂದು ಹಂತಹಂತವಾಗಿ ಚಲನೆ ಹೆಚ್ಚಿಸಲು ಸಾಧ್ಯವಾಗುತ್ತದೆ. ನೋವು ಕಡಿಮೆ ಇರುವ ದಿನ ಒಮ್ಮೆಗೇ ಮನೆಗೆಲಸವೆಲ್ಲ ಮುಗಿಸಿ ಮರುದಿನ ಹಾಸಿಗೆ ಹಿಡಿಯುವ ಚಾಳಿಯೂ ಇದರಿಂದ ಹತೋಟಿಗೆ ಬರುತ್ತದೆ. ಮೊದಲ ಬಾಣಕ್ಕೆ ಕಸರತ್ತು, ಎರಡನೆಯ ಬಾಣಕ್ಕೆ ಎಚ್ಚರ.

ತಕ್ಕಡಿಯಲ್ಲಿ ಇಟ್ಟಾಗ

ಇದರ ಪರೀಕ್ಷೆ ಕರ್ನಾಟಕದಲ್ಲಿಯೂ ನಡೆದಿದೆ. ಬೆಂಗಳೂರಿನ ಹೊರವಲಯದ ಜಿಗಣಿಯ ಬಳಿ ಇರುವ ಪ್ರಶಾಂತಿ ಕುಟೀರದ ಯೋಗ ಸಂಶೋಧನ ಸಂಸ್ಥೆಯವರು ಹಳೆಯ ಸೊಂಟ ನೋವಿನ 80 ಮಂದಿಯನ್ನು ಒಂದು ವಾರ ಅಲ್ಲಿಯೇ ಇರಿಸಿಕೊಂಡು, ಅರ್ಧ ಜನರಿಗೆ ಆಸನ, ಪ್ರಾಣಾಯಾಮ, ಧ್ಯಾನ, ಉಪದೇಶ ಸೇರಿದ ಯೋಗವನ್ನೂ ಉಳಿದವರಿಗೆ ದೈಹಿಕ ವ್ಯಾಯಾಮವನ್ನೂ ಕಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದಿನನಿತ್ಯದ ಕೆಲಸಗಳಿಗೆ ನೋವಿನಿಂದಾಗುವ ಅಡಚಣೆ ಯೋಗದ ಗುಂಪಿನಲ್ಲಿ ಹೆಚ್ಚು ಇಳಿದಿತ್ತು. ವಾರದ ಪ್ರಯೋಗವಾದ್ದರಿಂದ ಅದು ದೀರ್ಘಕಾಲದ ಮಾತನ್ನು ಹೇಳಲಾರದು.

ದೊಡ್ಡ ಪರೀಕ್ಷೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆಯಿತು. 342 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎಂಟು ವಾರದ ಮೈಂಡ್‌ಫುಲ್‌ನೆಸ್, ಇನ್ನೊಂದಕ್ಕೆ ಆಲೋಚನಾಕ್ರಮ ತಿದ್ದುವ ಮನೋಚಿಕಿತ್ಸೆ, ಮೂರನೆಯದಕ್ಕೆ ಎಂದಿನ ಚಿಕಿತ್ಸೆ ಕೊಡಲಾಯಿತು. 26 ವಾರಗಳ ನಂತರ ದಿನನಿತ್ಯದ ಕೆಲಸ ಮಾಡುವ ಶಕ್ತಿಯಲ್ಲಿ ಗಮನಾರ್ಹ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ ಶೇಕಡ 60.5, ಎರಡನೆಯದರಲ್ಲಿ 57.7, ಮೂರನೆಯದರಲ್ಲಿ 44.1. ಇದು 2016ರಲ್ಲಿ ಪ್ರಕಟವಾಯಿತು. ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಧ್ಯಾನ ಮಾಡಿದವರಲ್ಲಿಯೂ ಹತ್ತರಲ್ಲಿ ನಾಲ್ವರಿಗೆ ಅಂಥ ಲಾಭವಾಗಲಿಲ್ಲ. ಏನೂ ವಿಶೇಷ ಮಾಡದವರಲ್ಲಿಯೂ ಹತ್ತರಲ್ಲಿ ನಾಲ್ವರು ಸುಧಾರಿಸಿದರು. ಅದೇ ವರ್ಷ 65 ದಾಟಿದ 282 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಓಡಾಟದ ಸುಧಾರಣೆ ಆರು ತಿಂಗಳವರೆಗೆ ಉಳಿಯಲಿಲ್ಲ.

ಈ ಫಲಿತಾಂಶಗಳನ್ನು ತೂಗಿದ ಅಮೆರಿಕದ ವೈದ್ಯರ ಸಂಘ 2017ರಲ್ಲಿ, ಹಳೆಯ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ಮೈಂಡ್‌ಫುಲ್‌ನೆಸ್ ಮೊದಲಾದವನ್ನು ಪ್ರಯತ್ನಿಸಬೇಕೆಂದಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2016ರಲ್ಲಿ, ಮನಸ್ಸಿನ ಚಿಕಿತ್ಸೆ ಕೊಡುವುದಾದರೆ ವ್ಯಾಯಾಮದ ಜೊತೆಯಲ್ಲಿಯೇ ಕೊಡಬೇಕು, ಬಿಡಿಯಾಗಿ ಅಲ್ಲ ಎಂದಿತು. 2023ರ ಕೊನೆಯಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇನ್ನೂ ಬಿಗಿಯಾದದ್ದು. ಅದು ಶಿಕ್ಷಣ, ವ್ಯಾಯಾಮ ಮತ್ತು ಕೆಲವು ಮನೋಚಿಕಿತ್ಸೆಗಳ ಪರ ನಿಂತಿತು. ಮೈಂಡ್‌ಫುಲ್‌ನೆಸ್ ತರಬೇತಿಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಶಿಫಾರಸು ಮಾಡಲಿಲ್ಲ. ಸೊಂಟದ ಬೆಲ್ಟ್, ಎಳೆತದ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ ಇವನ್ನು ರೂಢಿಯಾಗಿ ಬಳಸುವುದು ಬೇಡವೆಂದಿತು. ಬೆಲ್ಟನ್ನೂ ಶಾಖದ ಯಂತ್ರವನ್ನೂ ನಂಬಿಕೊಂಡವರು ಗಮನಿಸಬೇಕಾದ ಮಾತಿದು.

ಅದೇ 2023ರಲ್ಲಿ ಆಸ್ಟ್ರೇಲಿಯದಿಂದ ಬಂದ ವರದಿ ಮುಂದಿನ ದಾರಿಯನ್ನು ಸೂಚಿಸುತ್ತದೆ. 492 ರೋಗಿಗಳ ಆ ಅಧ್ಯಯನದಲ್ಲಿ ಫಿಸಿಯೋಥೆರಪಿಸ್ಟರಿಗೇ ವಿಶೇಷ ತರಬೇತಿ ಕೊಡಲಾಗಿತ್ತು. ರೋಗಿಯ ಕಥೆಯನ್ನು ಪೂರ್ತಿ ಕೇಳುವುದು, ನೋವಿನ ಅರ್ಥ ತಿಳಿಸುವುದು, ಉಸಿರು ಸಡಿಲಿಸಿ ಮೈಯನ್ನು ಗಮನಿಸುತ್ತ ಹೆದರಿದ ಚಲನೆಗಳನ್ನೇ ಮತ್ತೆ ಮಾಡಿಸುವುದು ಆ ಪದ್ಧತಿ. ಹೆಸರು ಮೈಂಡ್‌ಫುಲ್‌ನೆಸ್ ಅಲ್ಲವಾದರೂ ತಿರುಳು ಅದಕ್ಕೆ ಹತ್ತಿರ. ಅದರ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು.

ಎಲ್ಲ ಸೊಂಟ ನೋವಿಗೂ ಇದೇ ಮದ್ದೆಂದು ತಿಳಿಯಬಾರದು. ಕಾಲಿನ ಶಕ್ತಿ ಕುಂದುತ್ತಿದ್ದರೆ, ತೊಡೆಯ ಸಂದು ಮರಗಟ್ಟಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ಬಿದ್ದು ಪೆಟ್ಟಾಗಿದ್ದರೆ, ನೋವಿನ ಜೊತೆ ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಇದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಅಲ್ಲಿ ಧ್ಯಾನಕ್ಕೆ ಕೆಲಸವಿಲ್ಲ.

ಉಳಿದ ಬಹುಸಂಖ್ಯಾತರಿಗೆ ಈ ಇತಿಹಾಸ ಹೇಳುವುದು ಇಷ್ಟೆ: ನೋವು ನಿಜ, ಬೆನ್ನು ಮುರಿದಿಲ್ಲ ಎಂಬುದೂ ನಿಜ. ಎರಡೂ ಏಕಕಾಲಕ್ಕೆ ನಿಜವಾಗಿರಬಹುದೆಂದು ಒಪ್ಪಲು ವೈದ್ಯಶಾಸ್ತ್ರಕ್ಕೆ 'ರೈಲ್ವೆ ಬೆನ್ನಿ'ನ ಕಾಲದಿಂದ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ನಾಟಿಗೆ ಬಗ್ಗಿ ಬಗ್ಗಿ ಸೊಂಟ ಹಿಡಿದ ಹೆಣ್ಣುಮಗಳಿಗೂ, ದಿನವಿಡೀ ಸ್ಟೇರಿಂಗ್ ಹಿಡಿದ ಬಸ್ ಚಾಲಕನಿಗೂ, ಕಂಪ್ಯೂಟರ್ ಮುಂದೆ ಕುಳಿತ ನೌಕರನಿಗೂ ಮೊದಲ ಬಾಣ ಇನ್ನೂ ತಗುಲುತ್ತಲೇ ಇರುತ್ತದೆ. ಎರಡನೆಯದನ್ನು ಕೀಳುವ ಕೆಲಸದಲ್ಲಿ ಅವರ ಕೈಯೂ ಸೇರಬಹುದು ಎಂಬುದು ಈಗ ಗೊತ್ತಾಗಿದೆ. ಈಜಿಪ್ಟಿನ ವೈದ್ಯ ಅರ್ಧಕ್ಕೆ ಬಿಟ್ಟ ವಾಕ್ಯ ಇನ್ನೂ ಮುಗಿದಿಲ್ಲ. ಮುಂದಿನ ಪದ 'ಎಬ್ಬಿಸಬೇಕು' ಎಂಬುದಾದರೂ ಸ್ಪಷ್ಟವಾಗಿದೆ.